ನಲವತ್ನಾಲ್ಕನೆಯ ದೀಪ

ರೇಡಿಯೋದ ಹದಿನಾರನೇ ಚಾನೆಲ್ಲಿನಲ್ಲಿ
ಮೊದಲು ಕೆಮ್ಮು ಕೇಳಿಸಿತು, ಆಮೇಲೆ ಮನುಷ್ಯ.
'ಉಪ್ಪುಗಾಳಿ ಗಂಟಲಿಗೆ ಹತ್ತಿದ್ದು, ರೋಗವಲ್ಲ' ಅಂದ.
ನಾನಿನ್ನೂ ಏನೂ ಕೇಳಿರಲಿಲ್ಲ.

ಹೆಸರು ಎವೆನ್. ಊರು ಬ್ರಿಟನಿ. ವಯಸ್ಸು ಅರವತ್ತೆಂಟು.
ದೋಣಿಯಲ್ಲಿ ಎಷ್ಟು ಜನ? ಒಬ್ಬನೇ.
ಪನಾಮಾ ಬಿಟ್ಟು ಎಷ್ಟು ದಿನ? ಎಪ್ಪತ್ತೊಂದು.
ನಡುವೆ ಎಲ್ಲಾದರೂ ಇಳಿದಿರಾ?
ನಿಲ್ಲಲು ಯಾರು ಬಿಟ್ಟರು ತಾಯಿ.
ದೋಣಿಯ ಹೆಸರು ಗ್ವೆನ್ನಿಲಿ,
ಒಂದೊಂದೇ ಅಕ್ಷರ ಬಿಡಿಸಿ ಬರೆಸಿದ.
ಅವರ ಭಾಷೆಯಲ್ಲಿ ಕವಲುಬಾಲದ ಪುಟ್ಟ ಹಕ್ಕಿಯಂತೆ,
ಚಳಿ ಬಂದರೆ ಕೇಳದೆ ಕೇಳದೆ ಗಡಿ ದಾಟುವಂಥದು.
ಫಾರಂ ತುಂಬುತ್ತಾ ಕೊನೆಯ ಸಾಲಿಗೆ ಬಂದೆ:
ಇಳಿಯಲು ಅನುಮತಿ,
ಇಲ್ಲ.

ಚುಕ್ಕಾಣಿ ಮುರಿದಿದೆ ಎಂದದ್ದಕ್ಕೆ ರಾಜಧಾನಿಯವರು
ಹವಳದ ದಿಬ್ಬದ ಒಳಗೆ ಲಂಗರಿಗಷ್ಟೇ ಒಪ್ಪಿದರು.
ದಡದಿಂದ ಇನ್ನೂರು ಗಜ.
ಬಾಗಿಲು ತೆರೆದು, ಹೊಸ್ತಿಲಲ್ಲೇ ಮಣೆ ಹಾಕಿದಂತೆ.

ಇದು ನಮ್ಮ ಜಾಯಮಾನವಲ್ಲ.
ಹಾದಿಹೋಕನನ್ನು ಉಣ್ಣಿಸದೆ ಕಳಿಸಿದರೆ
ಅಂದಿನ ಅಡುಗೆ ಸೀದುಹೋಗುತ್ತದೆ ಅನ್ನುವ ಅಜ್ಜಿ ನನ್ನವಳು.
ಆದರೆ ಅವಳೇ, ವೈಮೊವಾನ, ಎಂಬತ್ತೊಂಬತ್ತರ ಅಜ್ಜಿ,
'ಬೇಡ' ಅಂದಳು ಎಲ್ಲರಿಗಿಂತ ಮೊದಲು.
ಅವಳ ಅವ್ವನ ಕಾಲಕ್ಕೂ ಬಂದಿತ್ತು ಒಂದು ಹಡಗು,
ಸಕ್ಕರೆ, ಬಟ್ಟೆ, ಕೈಕುಲುಕುವ ನಾವಿಕರು.
ಎಂಟನೆಯ ದಿನ ಅಗೆಯಲು ಕೈಗಳು ಉಳಿದಿರಲಿಲ್ಲ.
ಚರ್ಚಿನ ಹಿಂದೆ ಉದ್ದಕ್ಕೆ ಒಂದೇ ದಿಬ್ಬ,
ಮೇಲೆ ಬಿಳಿ ಹವಳದ ಪುಡಿ, ಹೆಸರಿಲ್ಲ.
ಮಕ್ಕಳು ಅದರ ಮೇಲೆ ಆಡುವುದಿಲ್ಲ, ಯಾರೂ ಹೇಳದಿದ್ದರೂ.

ಹಾಗಂತ ಉಪವಾಸ ಕೆಡವಲಾದೀತೆ?
ಪೌಲಿಯಾಸಿ ತೆಪ್ಪದಲ್ಲಿ ಹೋಗಿ
ತೇಲುಬುರುಡೆಗೆ ಬುಟ್ಟಿ ಕಟ್ಟಿ ಬರುತ್ತಿದ್ದ:
ಸುಟ್ಟ ಜೀಗುಜ್ಜೆ, ಎರಡು ಎಳನೀರು,
ಕೆಸುವಿನೆಲೆಯಲ್ಲಿ ಕಾಯಿಹಾಲು ಸುತ್ತಿ ಬೇಯಿಸಿದ್ದು.
ತೆಪ್ಪ ದಡ ಮುಟ್ಟಿದ ಮೇಲೆಯೇ ಅವನು ಬುಟ್ಟಿ ಎಳೆದುಕೊಳ್ಳಬೇಕು.
ಖಾಲಿ ಬುಟ್ಟಿಯನ್ನು ಮೂರು ದಿನ ಬಿಸಿಲಿಗಿಟ್ಟು
ನಾಲ್ಕನೆಯ ದಿನ ಅಜ್ಜಿ ಮುಟ್ಟುತ್ತಿದ್ದಳು.

ಕತ್ತಲಾದರೆ ರೇಡಿಯೋ.
'ಚರ್ಚಿನಿಂದ ಎಡಕ್ಕೆ ಮೂರನೆಯ ದೀಪ, ಯಾರ ಮನೆ?'
ಬಡಗಿಯದು.
'ತಡರಾತ್ರಿಯವರೆಗೂ ಉರಿಯುತ್ತದಲ್ಲ?'
ಹೆಂಡತಿ ಆಕ್ಲೆಂಡಿನಲ್ಲಿ ಸಿಕ್ಕಿಕೊಂಡಿದ್ದಾಳೆ, ವಿಮಾನವಿಲ್ಲ.
'ಓ,' ಅಂದ. ಅವನ ಮೌನದಲ್ಲಿ ನೀರು ದೋಣಿಯ ಹೊಟ್ಟೆ ತಟ್ಟುವುದು ಕೇಳುತ್ತಿತ್ತು.
ಹೀಗೆ, ಒಂದು ಕಾಲೂ ಊರದೆ
ಊರನ್ನೆಲ್ಲ ಬಲ್ಲವನಾದ ಅವನು.
ನಲವತ್ತಮೂರು ದೀಪ ಎಂದು ಎಣಿಸಿ ಹೇಳಿದ್ದೂ ಅವನೇ.
ಹುಟ್ಟಿದಾಗಿನಿಂದ ಇಲ್ಲೇ ಇದ್ದ ನಾನು ಎಣಿಸಿರಲಿಲ್ಲ;
ಒಳಗಿದ್ದವರಿಗೆ ಊರು ಕಾಣುವುದಿಲ್ಲ.
'ನಲವತ್ನಾಲ್ಕು,' ಅಜ್ಜಿ ತಿದ್ದಿದಳು ಕಿಟಕಿಯಿಂದ,
ಅವನ ಕಂಬದ ತುದಿಯ ಮಿಣುಕು ನೋಡಿ.

ಬಾವುಟದ ಹಳದಿ ಬಿಸಿಲಿಗೆ ಬಿಳುಚಿ
ಸೋತವರ ಬಾವುಟದಂತಾಗುವ ಹೊತ್ತಿಗೆ
ಚುಕ್ಕಾಣಿ ಸರಿಹೋಯಿತು.
ಹಲಗೆ ಬಡಗಿಯದು, ಬುಟ್ಟಿಯಲ್ಲೇ ಹೋದದ್ದು.
ಫಿಜಿಯವರು ಬಾ ಎಂದಿದ್ದಾರಂತೆ, ಹಣ ಕಟ್ಟಿದರೆ.

ಹೊರಟ ಬೆಳಗು ಸಭ್ಯ ಮಾತಿನ ಬದಲು
ದೀಪಗಳ ಹೆಸರು ಹೇಳುತ್ತಾ ಹೋದ, ಚರ್ಚಿನಿಂದ ಎಡಕ್ಕೆ,
ಒಂದೊಂದಾಗಿ, ತಪ್ಪು ಉಚ್ಚಾರದಲ್ಲಿ.
ಇಪ್ಪತ್ತಾರಕ್ಕೋ ಇಪ್ಪತ್ತೇಳಕ್ಕೋ ರೇಡಿಯೋ ಕರಕರ ಎಂದಿತು.
ಉಳಿದವನ್ನು ನಾನೇ ಹೇಳಿ ಮುಗಿಸಿದೆ, ಬಟನ್ ಒತ್ತಿಹಿಡಿದು,
ಯಾರಿಗೂ ಅಲ್ಲದೆ.

ಅಜ್ಜಿ ಈಗಲೂ ಎಣಿಸುತ್ತಾಳೆ, ಮಲಗುವ ಮುನ್ನ.
ಒಂದು ಕಡಿಮೆ ಬರುತ್ತದೆ.
ಕಣ್ಣು ಮಂಜಾಗಿದೆ ಎಂದು ನನ್ನನ್ನೂ ಎಣಿಸಲು ಹಚ್ಚುತ್ತಾಳೆ.